ಮೊದಲನೇ ‘ಆರಾಮ’ ಬರೆಯಬಾರದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಮನುಷ್ಯನ ಧ್ವನಿಯನ್ನು ಅವರನ್ನು ಒಂದು ಮಾತೂ ಕೇಳದೆ ಎರಡು ಮಧ್ಯಾಹ್ನ ಬಳಸಿಕೊಂಡವನು ನಾನು. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಲಗಾಮಿಲ್ಲ. ಕೊಟ್ಟೂರು ಬಸ್ಸಿನ ಕಂಡಕ್ಟರು, ಕಾಲೇಜಿನಲ್ಲಿ ಹೆಣ ಕುಯ್ಯಲು ಕಲಿಸಿದ ಮೇಷ್ಟ್ರು, ನಮ್ಮ ಸೋದರತ್ತೆ, ಸಿಟ್ಟಿಗೆದ್ದ ಟಗರು, ಚಾಲೂ ಆಗಲೊಲ್ಲದ ಜನರೇಟರು, ಯಾವ ಧ್ವನಿ ಬೇಕೆಂದರೂ ತೆಗೆಯುತ್ತೇನೆ. ನಿನ್ನ ಸ್ವಂತದ್ದು ಯಾವುದಪ್ಪ ಎಂದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಇದನ್ನೆಲ್ಲ ಈಗ ಬರೆಯಲು ಕೂರಿಸಿದ್ದು ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಹೋದ ವಾರ ಹರಪನಹಳ್ಳಿ ಆಸ್ಪತ್ರೆಯ ನನ್ನ ರೂಮಿಗೆ ಒಬ್ಬ ಹೆಣ್ಣುಮಗಳು ಬಂದು ಅದನ್ನು ಮೇಜಿನ ಮೇಲಿಟ್ಟಳು. ಹಾಳೆಗೆ ಲವಂಗದ ವಾಸನೆ, ಅದರಡಿಯಲ್ಲಿ ಎಲ್ಲೋ ಸ್ಪಿರಿಟ್ಟಿನದು. ಇಂಗ್ಲಿಷಿನಲ್ಲಿ ಒಂದು ತಲೆಬರಹ, ಕೆಳಗೆ ಸಾಲಾಗಿ ಹೆಸರುಗಳು. ಮೂರನೇ ಹೆಸರು ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ಕು, ಕಾಗದ ಎರಡೂ ಕತ್ತರಿಸಿ ಹೋಗಿ ಬೆರಳುದ್ದದ ಒಂದು ಕಿಂಡಿ. ಆ ಕಿಂಡಿಯೊಳಗಿಂದ ನನ್ನ ಮೇಜು ಕಾಣುತ್ತಿತ್ತು... ಮೇಜಿಗಿಂತ ಹೆಚ್ಚಾಗಿ ನಾನೇ ಕಂಡೆ ಅನ್ನಿ.

ಆರೇಳು ವರ್ಷದ ಹಿಂದೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಈಗ ಅಲ್ಲಿ ಟೈಲ್ಸ್ ಅಂಗಡಿ. ಎಂಬಿಬಿಎಸ್ ಮುಗಿಸಿ, ಮುಂದಿನ ಪರೀಕ್ಷೆಗೆ ಓದಿಕೊಳ್ಳುತ್ತೇನೆಂದು ಮನೆಯವರನ್ನು ನಂಬಿಸಿ, ನಾನು ಅಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದ್ದೆ. ಆಸ್ಪತ್ರೆ ನಡೆಸುತ್ತಿದ್ದ ಸರ್ಜನ್‌ರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು. ಗಾಯ ತೊಳೆದು ಪಟ್ಟಿ ಕಟ್ಟುವ, ಹೊಲಿಗೆ ಬಿಚ್ಚುವ ಕೆಲಸಕ್ಕೆ ಇದ್ದವರು ಡ್ರೆಸ್ಸರಣ್ಣ. ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ. ಆ ಹೆಸರಿನ ಕಥೆಯೇ ಇದು. ಆದರೂ ಇಲ್ಲಿ ಬರೆಯುವುದಿಲ್ಲ. ಅದನ್ನು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಎಂಬುದನ್ನು ಅವರೇ ತೀರ್ಮಾನಿಸಿದ್ದರು.

ತೆಳ್ಳಗಿನ ಆಳು. ಬೀಡಿ ಸೇದಿದ್ದು ಗೊತ್ತಾಗದಿರಲೆಂದು ಬಾಯಲ್ಲಿ ಸದಾ ಲವಂಗ. ಲವಂಗದ ವಾಸನೆ ಬಂತೆಂದರೆ ಈಗಷ್ಟೇ ಬೀಡಿ ಸೇದಿ ಬಂದಿದ್ದಾರೆ ಎಂದು ಇಡೀ ವಾರ್ಡಿಗೆ ಗೊತ್ತಾಗುತ್ತಿತ್ತು. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ಧ್ವನಿ. ‘ಹೆಂಗದೀಯಪ್ಪಾ’ ಎನ್ನುವಾಗ ಕೊನೆಯ ಅಕ್ಷರವನ್ನು ಬಾವಿಗೆ ಕೊಡ ಇಳಿಸಿದಂತೆ ಇಳಿಸುತ್ತಿದ್ದರು. ನನಗೆ ಅದು ಮೂರೇ ದಿನಕ್ಕೆ ಬಾಯಿಪಾಠವಾಯಿತು. ಬಾಗಿಲ ಹಿಂದೆ ನಿಂತು ನಾನು ಕರೆದರೆ ನರ್ಸಮ್ಮನವರು ಹತ್ತಿ, ಪಟ್ಟಿ ಹಿಡಿದು ಓಡಿ ಬರುತ್ತಿದ್ದರು. ಬಂದು ನೋಡಿ, ಕೈಯಲ್ಲಿದ್ದ ಟ್ರೇಯಿಂದಲೇ ಒಂದು ಕೊಡುತ್ತಿದ್ದರು.

ಡ್ರೆಸ್ಸರಣ್ಣನಿಗೆ ಒಂದು ವಿಚಿತ್ರ ಚಾಳಿ ಇತ್ತು. ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಹೋದವರನ್ನೆಲ್ಲ ಆಮೇಲೆ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಹುಡುಕಿ ಹಿಡಿಯುತ್ತಿದ್ದರು. ಹರ್ನಿಯಾ ಎಂದರೆ ಹೊಟ್ಟೆಯ ಗೋಡೆ ಸಡಿಲಾಗಿ ತೊಡೆಯ ಸಂದಿಗೆ ಕರುಳು ಇಳಿಯುವುದು. ಹೊಲಿದು ಒಳಗೆ ಜಾಲರಿ ಹಾಕಿ ಕಳಿಸಿದರೂ ಕೆಲವರಿಗೆ ಅದು ಮತ್ತೆ ಬರುತ್ತದೆ. ಬಂದಿದೆಯೋ ಇಲ್ಲವೋ ತಿಳಿಯಬೇಕಾದರೆ ಅಲ್ಲಿ ಕೈಯಿಟ್ಟು ಕೆಮ್ಮಿಸಿ ನೋಡಬೇಕು. ಹಾಗಾಗಿ ಕೊಟ್ಟೂರು ಸಂತೆಯಲ್ಲಿ ಡ್ರೆಸ್ಸರಣ್ಣ ನಡೆದು ಬಂದರೆ ಬದನೆಕಾಯಿ ಮಾರುವವರು, ಹಗ್ಗ ಮಾರುವವರು ದೂರದಿಂದಲೇ ಕೆಮ್ಮಲು ಶುರುಮಾಡುತ್ತಿದ್ದರು. ಹೊಸಬರು ನೋಡಿದರೆ ಊರಿಗೆ ಏನೋ ಸಾಂಕ್ರಾಮಿಕ ಬಂದಿದೆ ಎಂದುಕೊಳ್ಳಬೇಕು. ನೋಡಿದ್ದನ್ನೆಲ್ಲ ಅವರು ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ‘ಸೈಕಲ್ ಹೊಡಿತಾನ.’ ‘ಗೊಬ್ಬರದ ಚೀಲ ಎತ್ತಂಗಿಲ್ಲ, ಮಗ ಎತ್ತತಾನ.’ ‘ನೋವು ಐತಿ, ಹೆಂಡ್ತಿಗೆ ಹೇಳಿಲ್ಲ.’ ಯಾರೂ ಬರೆಯಲು ಹೇಳಿರಲಿಲ್ಲ.

ಸಾಹೇಬರು ಆ ನೋಟ್‌ಬುಕ್ ನೋಡಿಯೇ ವೈದ್ಯಕೀಯ ಪತ್ರಿಕೆಗೆ ಒಂದು ಪೇಪರ್ ಬರೆಯಬೇಕೆಂದು ಮನಸ್ಸು ಮಾಡಿದ್ದು. ಸಣ್ಣ ಊರಿನಲ್ಲಿ ಮಾಡಿದ ಆಪರೇಷನ್ನು ವರ್ಷದ ಮೇಲೆ ಹೇಗಿದೆ, ಎಷ್ಟು ಜನ ಕೆಲಸಕ್ಕೆ ಮರಳಿದರು, ಎಷ್ಟು ಜನರಿಗೆ ಮತ್ತೆ ಬಂತು, ಇಷ್ಟೇ ವಿಷಯ. ಓಡಾಡಿ ಬರೆಯುವವನು ನಾನು, ಹಾಗಾಗಿ ಲೇಖಕರ ಸಾಲಿನಲ್ಲಿ ಮೊದಲನೇ ಹೆಸರೂ ನನ್ನದು ಎಂದರು. ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಒಂದೇ ಷರತ್ತು: ಆಪರೇಷನ್ ಆದವರ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಖುದ್ದಾಗಿ ಕಂಡು, ಕೈಯಿಟ್ಟು ನೋಡಿ ಬರಬೇಕು.

ನನ್ನ ಬೈಕು, ಹಿಂದೆ ಡ್ರೆಸ್ಸರಣ್ಣ. ಮೊದಲ ದಿನ ಕಾನಹೊಸಹಳ್ಳಿ. ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲಿ ಲಾರಿಗೆ ಲೋಡು ಮಾಡುವ ಒಬ್ಬಾತ ಸಿಕ್ಕ.

“ಹೆಂಗದೀಯಪ್ಪಾ?”

“ಆರಾಮ ಅದೀನ್ರಿ ಡ್ರೆಸ್ಸರಪ್ಪಾರ.”

ನಾನು ಪೆನ್ನು ತೆಗೆದು ‘ತೊಂದರೆ ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಲು ಹೋದೆ. ಡ್ರೆಸ್ಸರಣ್ಣ ನನ್ನ ಮೊಣಕೈ ಹಿಡಿದರು.

“ಮೊದಲ್ನೇ ಆರಾಮ ಬರೀಬ್ಯಾಡ್ರಿ ಡಾಕ್ಟ್ರೇ. ಅದು ನಮಸ್ಕಾರ ಇದ್ದಂಗ. ಉತ್ತರ ಇನ್ನೂ ಬಂದಿಲ್ಲ.”

ಚಹಾ ಬಂತು. ಶೇಂಗಾ ಬೆಳೆಯ ಮಾತು ಬಂತು. ಆತನ ಭಾವನ ಹೊಸ ಗಾಡಿಯ ಮಾತು ಬಂತು. ನಡುವೆ ಎಲ್ಲೋ ಇವರು ಮತ್ತೊಮ್ಮೆ, ಲೋಟದೊಳಗೆ ನೋಡುತ್ತಲೇ, “ಮತ್ತ, ಹೆಂಗದೀ?” ಎಂದರು. “ಏನಿಲ್ರಿ, ಆರಾಮ.” ನಾವು ಏಳುವ ಹೊತ್ತಿಗೆ, ಹೆಗಲ ಮೇಲೆ ಕೈಯಿಟ್ಟು ಮೂರನೇ ಸಲ. ಆಗ ಆತ ಅತ್ತಿತ್ತ ನೋಡಿ, “ಚೀಲ ಎತ್ತಿದ್ರ ಮಾತ್ರ ಒಂದೀಟು ಜಗ್ಗತೈತ್ರಿ... ಸಂಜಿಗೆ ಗುಂಡಗ ಕಾಣತೈತಿ” ಎಂದ. ಚಹಾದಂಗಡಿಯ ಹಿಂದೆ ಕರೆದೊಯ್ದು ಕೆಮ್ಮಿಸಿದರು. ನನ್ನ ಕೈ ಹಿಡಿದು ಅಲ್ಲಿಟ್ಟರು. ಬೆರಳಿಗೆ ಮೆತ್ತಗೆ ತಾಗಿತು. ಬಂದಿತ್ತು.

ನಮ್ಮ ಕಡೆಯ ಜನ ಹಾಗೆಯೇ. ಕಾಲು ಮುರಿದು ಬಿದ್ದವನನ್ನು ಕೇಳಿದರೂ ಮೊದಲು ಆರಾಮ ಎಂದೇ ಹೇಳುವುದು. ಕೇಳಿದವರಿಗೆ ಬಂದ ಕೂಡಲೇ ಕೆಟ್ಟ ಸುದ್ದಿ ಹೇಳುವುದು ಮರ್ಯಾದೆಯಲ್ಲ. ಮತ್ತೆ ಕೇಳಿದರೆ, ಓ, ಇವರಿಗೆ ನಿಜಕ್ಕೂ ತಿಳಿಯಬೇಕಾಗಿದೆ ಎಂದು ಬಾಯಿ ಬಿಡುತ್ತಾರೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಗೆರೆಯ ನೋಟ್‌ಬುಕ್ಕಿನಲ್ಲಿ ಇತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯವರನ್ನು ಹೀಗೆ ಮುಗಿಸಿದೆವು. ಅಷ್ಟರಲ್ಲಿ ಡ್ರೆಸ್ಸರಣ್ಣನ ಮೊಣಕಾಲು ಊದಿಕೊಂಡು ಎರಡು ವಾರ ಮನೆ ಹಿಡಿದರು. ಉಳಿದದ್ದು ಹಡಗಲಿ, ಹರಪನಹಳ್ಳಿ. ಬಿಸಿಲೆಂದರೆ ಬೈಕಿನ ಸೀಟಿನ ಮೇಲೆ ರೊಟ್ಟಿ ಸುಡಬಹುದಿತ್ತು. ಸಾಹೇಬರಿಗೆ ಯಾವುದೋ ದೊಡ್ಡ ಊರಿನ ಸಭೆಯಲ್ಲಿ ಪೇಪರ್ ಓದುವ ಆತುರ. ನನಗೆ ಮೊದಲನೇ ಹೆಸರಿನ ಆತುರ. ಪಟ್ಟಿಯಲ್ಲಿ ಎಲ್ಲರ ಫೋನ್ ನಂಬರ್ ಇತ್ತು. ಒಂದಿಬ್ಬರಿಗೆ ನಾನೇ ಮಾಡಿ ನೋಡಿದೆ. ‘ಯಾವ ಡಾಕ್ಟ್ರು? ಬ್ಯಾಂಕಿನೋರಾ?’ ಎಂದು ಇಟ್ಟರು. ಮೂರನೆಯವರಿಗೆ ಬಾಯಿ ತಾನೇ ತಿರುಗಿತು. ಮೂಗಿನಲ್ಲಿ ಶುರುಮಾಡಿ ಗಂಟಲಲ್ಲಿ ಮುಗಿಸಿದೆ.

“ಹೆಂಗದೀಯಪ್ಪಾ?”

“ಓ ಡ್ರೆಸ್ಸರಪ್ಪಾರ, ಆರಾಮ ಅದೀನ್ರಿ.”

ಗುರುತು ಹಾಕಿದೆ. ಮುಂದಿನ ನಂಬರು. ಎರಡು ಮಧ್ಯಾಹ್ನದಲ್ಲಿ ಹಡಗಲಿಯೂ ಮುಗಿಯಿತು, ಹರಪನಹಳ್ಳಿಯೂ ಮುಗಿಯಿತು. ಫ್ಯಾನಿನ ಕೆಳಗೆ ಕೂತು, ಕಾಲು ಮೇಜಿನ ಮೇಲಿಟ್ಟು. ಆ ಎರಡು ತಾಲ್ಲೂಕಿನಲ್ಲಿ ಒಬ್ಬರಿಗೂ ಹರ್ನಿಯಾ ಮರಳಿ ಬಂದಿರಲಿಲ್ಲ. ಎಲ್ಲರೂ ಆರಾಮ. ವೈದ್ಯಲೋಕವೇ ಬೆಚ್ಚಿಬೀಳುವ ಫಲಿತಾಂಶ. ನನಗೆ ಬೆಚ್ಚಿಬೀಳಬೇಕೆಂದೂ ತೋಚಲಿಲ್ಲ.

ಕರಡು ಸಿದ್ಧವಾಯಿತು. ಎಲ್ಲರನ್ನೂ ನೇರವಾಗಿ ಭೇಟಿಯಾಗಿ ಪರೀಕ್ಷಿಸಲಾಯಿತು ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದೆ. ಹೆಸರಿನ ಸಾಲು: ಮೊದಲು ನಾನು. ಎರಡನೆಯದು ಸಾಹೇಬರ ಅಳಿಯ. ಅವರು ನಮ್ಮ ಆಸ್ಪತ್ರೆಯ ದಾರಿಯನ್ನೇ ನೋಡಿರಲಿಲ್ಲ, ಆದರೆ ಯಾವುದೋ ಕಾಲೇಜಿನಲ್ಲಿ ಬಡ್ತಿಗೆ ಕಾಯುತ್ತಿದ್ದರು. ಕೊನೆಗೆ ಸಾಹೇಬರು. ಡ್ರೆಸ್ಸರಣ್ಣನನ್ನು ಕೊನೆಯ ಪುಟದ ಕೃತಜ್ಞತೆಯಲ್ಲಿ ಹಾಕೋಣವೇ ಎಂದು ನಾನೇ ಕೇಳಿದೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, “ನೋಟ್‌ಬುಕ್ ಯಾರ್ದಪ್ಪ? ಮೂರನೇ ಹೆಸರು ಅವನ್ದು ಹಾಕು” ಎಂದರು. ದೊಡ್ಡ ಮನುಷ್ಯರು. ಅಳಿಯನ ವಿಷಯ ಬಿಟ್ಟರೆ.

ಮೊಣಕಾಲು ಇಳಿದು ಡ್ರೆಸ್ಸರಣ್ಣ ಬಂದ ದಿನ ಹಾಳೆ ತೋರಿಸಿದೆ. ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಕೂಡಿಸಿ ಓದಿದರು. ಬಾಯಲ್ಲಿದ್ದ ಲವಂಗ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು. ಹೆಸರಿನ ಸರದಿಗೆ ಏನರ್ಥ ಎಂದು ಕೇಳಿ ತಿಳಿದುಕೊಂಡು, ತಲೆದೂಗಿದರು.

“ಲಗ್ನಪತ್ರಿಕಿ ಇದ್ದಂಗ ಅನ್ರಿ. ಮೊದಲ್ನೇದು ಮದುಮಗ. ಕೊನೀದು ಮನಿ ಹಿರೇರು. ನಡುಕಿನವ್ರು ಸುಖಾಗಮನ ಬಯಸೋರು.”

ಪೇಪರಿನ ಜೊತೆ ಪತ್ರಿಕೆಗೆ ಕಳಿಸಬೇಕಾದ ಒಂದು ಒಪ್ಪಿಗೆ ಪತ್ರಕ್ಕೆ ಎಲ್ಲ ಲೇಖಕರೂ ಸಹಿ ಹಾಕಬೇಕಿತ್ತು. ಒಳಗಿನ ಪ್ರತಿ ಮಾತಿಗೂ ನಾನು ಜವಾಬ್ದಾರ ಎಂಬುದು ಅದರ ಸಾರ. ಸಾಹೇಬರ ಗಂಟಲಿನಲ್ಲಿ ಅದನ್ನು ಓದಿ ಹೇಳಿ ನಗಿಸಲು ನೋಡಿದೆ. ಡ್ರೆಸ್ಸರಣ್ಣ ನಗಲಿಲ್ಲ. ಹಾಗಾದರೆ ಒಳಗೆ ಏನಿದೆ ಕನ್ನಡದಲ್ಲಿ ಹೇಳಿ ಎಂದು ಕೂತರು. ಸಾಲುಸಾಲಾಗಿ ಹೇಳಿದೆ. ಹಡಗಲಿ, ಹರಪನಹಳ್ಳಿಗೆ ಯಾವಾಗ ಹೋಗಿದ್ರಿ ಎಂದರು. ನಾನೊಬ್ಬನೇ ಹೋಗಿ ಬಂದೆ ಎಂದೆ, ಕಣ್ಣು ಮಿಟುಕಿಸದೆ.

“ಈ ಬಿಸ್ಲಾಗ? ಒಬ್ರ?” ಎಂದವರೇ ಸಹಿ ಹಾಕಿದರು. ಮರುದಿನ ನನಗೆಂದು ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ಮಜ್ಜಿಗೆ ತಂದಿದ್ದರು. ತಿಂದೆ. ರುಚಿಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆ ಮೊದಲ ಹಾಳೆಯನ್ನು ಅವರು ಕೊಟ್ಟೂರಿನಲ್ಲಿ ಲ್ಯಾಮಿನೇಷನ್ ಮಾಡಿಸಿ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಹಾಕಿದರು. ಪಟ್ಟಿ ಕಟ್ಟಿಸಿಕೊಳ್ಳಲು ಬಂದವರೆಲ್ಲ ನೋವು ಮರೆತು ಅದನ್ನು ನೋಡಬೇಕಾಗಿತ್ತು. ನಲವತ್ತು ವರ್ಷ ಬೇರೆಯವರ ಮೈಮೇಲಿನ ಹೊಲಿಗೆ ಬಿಚ್ಚಿದ ಮನುಷ್ಯನ ಹೆಸರು ಒಂದು ಕಡೆ ಅಚ್ಚಾಗುವುದಿತ್ತು. ನರ್ಸಮ್ಮನವರು ಸಕ್ಕರೆ ಹಂಚಿದರು.

ಪೇಪರ್ ಕಳಿಸಲು ನಾಲ್ಕು ದಿನವಿತ್ತು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಕಡೆಯ ಒಬ್ಬ ಹಮಾಲಿಯನ್ನು ಮಕ್ಕಳು ಆಟೋದಲ್ಲಿ ಮಲಗಿಸಿಕೊಂಡು ಬಂದರು. ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲ ಹೊರುವ ಆಳು. ಹೊಟ್ಟೆ ಕಲ್ಲಾಗಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಕರುಳು ಮತ್ತೆ ಇಳಿದು ಸಿಕ್ಕಿಹಾಕಿಕೊಂಡಿತ್ತು. ನನ್ನ ಪಟ್ಟಿಯಲ್ಲಿ ಆತನ ಹೆಸರಿನ ಮುಂದೆ ಏನಿತ್ತು ಎಂದು ನೋಡಬೇಕಾಗಿರಲಿಲ್ಲ. ಆ ಕಡೆಯವರೆಲ್ಲರ ಮುಂದೆ ಇದ್ದದ್ದು ಒಂದೇ.

ಡ್ರೆಸ್ಸರಣ್ಣ ಆತನ ತಲೆ ಹಿಡಿದು ಕೂರಿಸಿ ಗದರಿಸಿದರು. “ಇಷ್ಟು ದಿನ ಯಾಕ ಹೇಳ್ಲಿಲ್ಲ ಮಾರಾಯ?”

ಆತ ಉಸಿರು ಹಿಡಿದು ಹಿಡಿದು ಹೇಳಿದ. “ನೀವ ಫೋನ್ ಮಾಡಿದ್ರಲ್ರಿ... ಆರಾಮ ಅಂದೆ. ನೀವು ಮತ್ತ ಕೇಳ್ಲಿಲ್ಲ. ನಿಮಗ ಗೊತ್ತೈತಿ, ಅಂಥಾದ್ದೇನಿಲ್ಲ ಅಂತ ನಾನೂ ಸುಮ್ನಾದೆ.”

ಡ್ರೆಸ್ಸರಣ್ಣ ಯಾರಿಗೂ ಫೋನ್ ಮಾಡುವವರಲ್ಲ. ಅವರ ಫೋನಿಗೆ ಕರೆನ್ಸಿ ಇರುತ್ತಿದ್ದದ್ದೇ ಅಪರೂಪ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಆತನ ಕಡೆ ತಿರುಗಿ, “ಹೌದಪ್ಪಾ. ಮತ್ತೊಂದ್ಸಲ ಕೇಳ್ಬೇಕಿತ್ತು. ತಪ್ಪಾತು” ಎಂದರು.

ನನ್ನ ಬಾಯಿ ಮಾಡಿದ ತಪ್ಪನ್ನು ಅವರ ಬಾಯಿ ಒಪ್ಪಿಕೊಂಡಿತು. ನಮ್ಮಿಬ್ಬರ ಧ್ವನಿಯ ವ್ಯತ್ಯಾಸ ಆ ಹೊತ್ತಿಗೆ ನನಗೆ ಮೊದಲ ಸಲ ಕೇಳಿಸಿತು.

ಸಾಹೇಬರು ಕೂಡಲೇ ಆಪರೇಷನ್ ಮಾಡಿದರು. ಗೇಣುದ್ದ ಕರುಳು ಕಪ್ಪಾಗಿ ಹೋಗಿತ್ತು, ಕತ್ತರಿಸಬೇಕಾಯಿತು. ಆತ ಬದುಕಿದ. ಆಮೇಲೆ ಚೀಲ ಹೊರಲಿಲ್ಲ. ಅದೇ ಗೋದಾಮಿನಲ್ಲಿ ಕಾವಲಿಗೆ ಕೂತ.

ಡ್ರೆಸ್ಸಿಂಗ್ ರೂಮಿಗೆ ಹೋದಾಗ ಡ್ರೆಸ್ಸರಣ್ಣ ಗೋಡೆಯ ಹಾಳೆ ಇಳಿಸಿ ಮಂಚದ ಮೇಲಿಟ್ಟುಕೊಂಡಿದ್ದರು. ಕೈಯಲ್ಲಿ ಹೊಲಿಗೆ ಬಿಚ್ಚುವ ಬ್ಲೇಡು. ತಮ್ಮ ಹೆಸರಿನ ಸುತ್ತ, ಒಂದು ಅಕ್ಷರಕ್ಕೂ ಗಾಯವಾಗದಂತೆ, ನಾಲ್ಕು ಕಡೆ ಗೀರಿ ಎತ್ತಿದರು. ಅಭ್ಯಾಸದ ಕೈ. ಎತ್ತಿದ ಚೂರನ್ನು ಜೇಬಿಗೆ ಹಾಕಿಕೊಂಡರು.

“ಬೈಯ್ರಿ ಅಣ್ಣ” ಎಂದೆ. ನನ್ನ ಸ್ವಂತ ಧ್ವನಿಯಲ್ಲಿ. ಅದು ಇಷ್ಟು ಸಣ್ಣದಿದೆ ಎಂದು ಗೊತ್ತಿರಲಿಲ್ಲ.

“ಬೈಯೂದು ಏನೈತ್ರಿ. ಧ್ವನಿ ಚಲೋ ತಗದೀರಿ, ಆ ಮನುಷ್ಯ ಗುರುತೇ ಹಿಡಿದಿಲ್ಲ. ಹೋಗಿ ಸಾಹೇಬ್ರಿಗೆ ಹೇಳ್ರಿ. ಇಲ್ಲಾಂದ್ರ ಆ ಪೇಪರಿನ್ಯಾಗ ನನ್ನ ಹೆಸ್ರು ಬ್ಯಾಡ. ಸಹಿ ಮಾಡಿದ್ದು ನಾ, ಅದರಾಗಿನ ಸುಳ್ಳೂ ನಂದ ಆಗತೈತಿ.”

ಹೇಳಿದೆ. ಸಾಹೇಬರು ಮೇಜಿನ ಮೇಲಿದ್ದ ಕರಡನ್ನು ನನ್ನ ಕಡೆ ತಳ್ಳಿದರು. “ನಿನ್ನ ಬಾಯಿ ಗಿಣಿ ಅಂತ ಗೊತ್ತಿತ್ತು, ಕೈಯೂ ಗಿಣಿ ಅಂತ ಗೊತ್ತಿರಲಿಲ್ಲ. ಪೂರ್ತಿ ಮತ್ತೆ ನೋಡಿ ಬರ್ರಿ” ಎಂದರು. ಆ ಸಭೆಗೆ ಅವರು ಹೋಗಲಿಲ್ಲ.

ಮತ್ತೆ ಬೈಕು ಹತ್ತಿದೆವು. ಹಡಗಲಿಯ ಮಲ್ಲಿಗೆ ತೋಟಗಳ ಬದುವಿನಲ್ಲಿ, ಹರಪನಹಳ್ಳಿಯ ಗೋದಾಮುಗಳ ಹಿಂದೆ, ನೀಲಗುಂದದ ಗುಡಿಯ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ಮೂರು ಮೂರು ಸಲ ಕೇಳಿದೆವು. ಮೊದಮೊದಲು ಅವರು ಕೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆಮೇಲೆ ನನ್ನನ್ನೇ ಕೇಳಲು ಬಿಟ್ಟರು. ‘ಆರಾಮ’ ಎಂದು ಗುರುತು ಬಿದ್ದವರಲ್ಲಿ ಕೆಲವರಿಗೆ ಗಂಟು ಮರಳಿತ್ತು, ಕೆಲವರಿಗೆ ನೋವು ಹೋಗಿಯೇ ಇರಲಿಲ್ಲ. ಮರಳಿದವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಹೊರಡಿಸಿದೆವು. ಫಲಿತಾಂಶ ಬಡವಾಗುತ್ತಾ ಹೋದಂತೆ ಸಾಹೇಬರ ಅಳಿಯ ‘ಬಹಳ ಕೆಲಸದ ಒತ್ತಡ’ ಎಂದು ತಾವಾಗಿಯೇ ಹೆಸರು ಹಿಂತೆಗೆದುಕೊಂಡರು. ಲಗ್ನದಲ್ಲಿ ಊಟ ಚೆನ್ನಾಗಿಲ್ಲ ಎಂದು ಮೊದಲೇ ಗೊತ್ತಾದ ಬೀಗರಂತೆ.

ಒಂದು ದಿನ ಹಡಗಲಿಯಿಂದ ವಾಪಸು ಬರುವಾಗ ಬೈಕು ನಿಲ್ಲಿಸಿ ಹೇಳಿದೆ. ಈ ಪೇಪರ್ ನಿಮ್ಮದು ಅಣ್ಣ, ಮೊದಲನೇ ಹೆಸರು ನಿಮ್ಮದೇ ಇರಲಿ, ನನ್ನದು ಬೇಕಿದ್ದರೆ ಹಿಂದೆಲ್ಲೋ ಬರಲಿ. ಬಹಳ ತ್ಯಾಗ ಮಾಡುತ್ತಿದ್ದೇನೆಂಬ ಗತ್ತಿನಲ್ಲೇ ಹೇಳಿದ್ದೆ.

ಅವರು ಲವಂಗ ಕಡಿದರು. “ಬ್ಯಾಡ. ಮೊದ್ಲು ನಿಮ್ದ ಇರ್ಲಿ. ತಪ್ಪೈತಿ ಅಂತ ಕೇಳೋರು ಬಂದ್ರ ಮೊದ್ಲು ನಿಮ್ಮನಿ ಬಾಗ್ಲ ಬಡೀಲಿ. ಆಮ್ಯಾಲ ನನ್ನ ಹತ್ರ ಬರ್ಲಿ, ನಾ ಎಲ್ಲಿಗೂ ಹೋಗಂಗಿಲ್ಲ.”

ಪೇಪರ್ ಎರಡು ಕಡೆಯಿಂದ ತಿರುಗಿ ಬಂದು, ಕೊನೆಗೆ ಯಾರೂ ಅಷ್ಟಾಗಿ ಓದದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಮೂರೇ ಹೆಸರು, ನಡುವಿನದು ಅವರದು. ಹೇಗೆ ಕೇಳಿದೆವು ಎಂಬುದನ್ನು ಬರೆದ ಕಡೆ, ಒಬ್ಬೊಬ್ಬರನ್ನೂ ಮೂರು ಸಲ ಕೇಳಲಾಯಿತು ಎಂಬ ಒಂದು ಸಾಲಿದೆ. ಪತ್ರಿಕೆಯ ಪರವಾಗಿ ಪರಿಶೀಲಿಸಿದವರು ಏಕೆ ಮೂರು ಸಲ ಎಂದು ಪ್ರಶ್ನೆ ಹಾಕಿದ್ದರು. ಉತ್ತರ ಬರೆಯಲು ನನಗೆ ಒಂದೂವರೆ ಪುಟ ಬೇಕಾಯಿತು. ಡ್ರೆಸ್ಸರಣ್ಣ ಅದನ್ನು ಚಹಾದಂಗಡಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿದ್ದರು. ಅಷ್ಟು ಹೊತ್ತಿಗೆ ನಾನು ಸರ್ಜರಿ ಓದಲು ಹೋಗಿದ್ದೆ. ಅವರಿಗೆ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ. ಖುದ್ದಾಗಿ ಕೊಡಬೇಕಿತ್ತು... ಹೋಗೋಣ, ಮುಂದಿನ ತಿಂಗಳು ಹೋಗೋಣ ಎಂದುಕೊಳ್ಳುತ್ತಲೇ ಇದ್ದೆ. ಸಾಹೇಬರು ವಯಸ್ಸಾಗಿ ಆಸ್ಪತ್ರೆ ಮುಚ್ಚಿದರು. ಎಲ್ಲಿಗೂ ಹೋಗುವುದಿಲ್ಲ ಎಂದಿದ್ದ ಡ್ರೆಸ್ಸರಣ್ಣ ಹೋದ ವರ್ಷ ಹೋದರು. ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ.

ಹೋದ ವಾರ ಹಾಳೆ ತಂದವಳು ಅವರ ಮಗಳು. ಇಲ್ಲೇ ಸ್ಟಾಫ್ ನರ್ಸ್ ಆಗಿ ಕೆಲಸ ಸಿಕ್ಕಿದೆಯಂತೆ. ಅಚ್ಚಾದ ಪೇಪರನ್ನು ಅವರು ಟ್ರಂಕಿನಲ್ಲಿ ರೇಷ್ಮೆ ಪಂಚೆಯ ಜೊತೆ ಇಟ್ಟಿದ್ದರಂತೆ. ಅದು ಮನೆಯಲ್ಲೇ ಇರಲಿ ಎಂದಳು. ಕಿಂಡಿಯ ಹಾಳೆ ಅದರ ಕೆಳಗೆ ಸಿಕ್ಕಿತು, ಯಾಕೆ ಹೀಗೆ ಕತ್ತರಿಸಿದೆ ಎಂದು ಅಮ್ಮನಿಗೂ ಗೊತ್ತಿಲ್ಲ, ನಿಮಗೆ ಗೊತ್ತಿರಬಹುದು ಎಂದು ತಂದೆ ಎಂದಳು. ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ.

ಹೇಳಿದೆ, ಮೇಲೆ ಬರೆದದ್ದನ್ನೆಲ್ಲ. ಮುಗಿದ ಮೇಲೆ ಅವಳು ಕಿಂಡಿಯ ಅಂಚನ್ನು ಬೆರಳಿನಿಂದ ಸವರುತ್ತಾ, “ಅಪ್ಪನ ಧ್ವನಿ ಹಂಗ ತಗೀತಿದ್ರಂತಲ್ರಿ. ಒಂದ್ಸಲ ತಗೀರಿ” ಎಂದಳು.

ಬೇಡ ಎಂದೆ. ಆ ದಿನದಿಂದ ಅದನ್ನು ತೆಗೆದಿರಲಿಲ್ಲ. ಅವಳು ಸುಮ್ಮನೆ ಕಾಯುತ್ತಾ ಕೂತಳು. ತಂದೆಯ ಹಾಗೆಯೇ, ಚಹಾದ ಲೋಟದೊಳಗೆ ನೋಡುತ್ತಾ. ಕೊನೆಗೆ ಮೂಗಿನಲ್ಲಿ ಶುರುಮಾಡಿ, ಕೊನೆಯ ಅಕ್ಷರವನ್ನು ಬಾವಿಗೆ ಇಳಿಸಿದೆ.

“ಹೆಂಗದೀಯವ್ವಾ?”

ಅವಳ ಕೈ ಹಾಳೆಯ ಮೇಲೆ ನಿಂತಿತು. “ಆರಾಮ ಅದೀನಿ” ಎಂದಳು.

ತಲೆಯಾಡಿಸಿ, ಚಹಾ ಕುಡಿ ತಂಗಿ, ಆರುತ್ತದೆ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಹೇಳಿದಳು.

“ಧ್ವನಿ ಖರೇನ ಅಪ್ಪಂದ ಐತ್ರಿ. ಆದ್ರ ಅಪ್ಪ ಆಗಿದ್ರ ಇನ್ನೊಂದ್ಸಲ ಕೇಳ್ತಿದ್ದ.”